ಕೆಂಪು ಮತ್ತು ಸಿಹಿ ವೈನ್: ದ್ರಾಕ್ಷಿ ತಳಿಗಳು, ತಯಾರಿಕೆ ಹಾಗೂ ಹೊಂದುವ ಆಹಾರ

1. ಪೀಠಿಕೆ

ದ್ರಾಕ್ಷಿ ಹಣ್ಣಿನ ರಸವನ್ನು ಹುದುಗಿಸಿ ತಯಾರಿಸುವ ಪಾನೀಯಕ್ಕೆ ವೈನ್ ಅಥವಾ ದ್ರಾಕ್ಷಾರಸವೆಂದು ಹೆಸರು. ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಗ್ರೋವರ್ ಸಂಸ್ಥೆಯು ಫ್ರೆಂಚ್ ತಳಿಗಳ ತೋಟವನ್ನು ಆರಂಭಿಸಿತು. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿಯನ್ನು ಪ್ರಕಟಿಸಿ, ನಂದಿ ಕಣಿವೆ ಮತ್ತು ಕೃಷ್ಣಾ ಕಣಿವೆ ಪ್ರದೇಶಗಳನ್ನು ವೈನ್ ವಲಯಗಳೆಂದು ಗುರುತಿಸಿತು.

ವೈನ್ ದ್ರಾಕ್ಷಿ ಬೆಳೆಯಲು, ತಯಾರಿಕಾ ಘಟಕ ಸ್ಥಾಪಿಸಲು ಅಥವಾ ಮಾರಾಟ ಪರವಾನಗಿ ಪಡೆಯಲು ಇಚ್ಛಿಸುವವರು ಮೊದಲು ಅರಿಯಬೇಕಾದ ಅಂಶವೊಂದಿದೆ. ಎಲ್ಲ ದ್ರಾಕ್ಷಿಯಿಂದಲೂ ಎಲ್ಲ ಬಗೆಯ ವೈನ್ ಆಗುವುದಿಲ್ಲ. ವೈನ್‌ಗೆಂದೇ ಬೆಳೆದ ದ್ರಾಕ್ಷಿಗೆ ಹಣ್ಣಿನ ಮಾರುಕಟ್ಟೆಯಲ್ಲಿ ಬೇಡಿಕೆಯೂ ಇರುವುದಿಲ್ಲ.

2. ಕೆಂಪು ವೈನ್ ತಳಿಗಳು

ಕ್ಯಾಬರ್ನೆ ಸಾವಿನ್ಯೋನ್: ಸಣ್ಣ ಕಾಯಿ, ದಪ್ಪ ಸಿಪ್ಪೆ. ಇದರ ವೈನ್ ಗಾಢ ಬಣ್ಣ ಮತ್ತು ಹೆಚ್ಚು ಒಗರನ್ನು ಹೊಂದಿದ್ದು, ಓಕ್ ಮರದ ಪೀಪಾಯಿಗಳಲ್ಲಿ ಹದಗೊಳಿಸಲು ಸೂಕ್ತವಾಗಿದೆ.

ಶಿರಾಜ್: ಫ್ರಾನ್ಸಿನಲ್ಲಿ ಸಿರಾ ಎಂದು ಕರೆಯಲಾಗುತ್ತದೆ. ಕರಿಮೆಣಸನ್ನು ನೆನಪಿಸುವ ಪರಿಮಳವಿದೆ. ಕ್ಯಾಬರ್ನೆಯೊಂದಿಗೆ ಬೆರೆಸುವ ರೂಢಿಯೂ ಇದೆ.

ಮರ್ಲೋ: ಒಗರು ಕಡಿಮೆ, ರುಚಿ ಮೃದು. ಹೊಸದಾಗಿ ಕೆಂಪು ವೈನ್ ಸೇವಿಸುವವರಿಗೂ ಹಿಡಿಸುತ್ತದೆ.

3. ಬೆಂಗಳೂರು ಬ್ಲೂ

ಬೆಂಗಳೂರು, ಚಿಕ್ಕಬಳ್ಳಾಪುರ ಹಾಗೂ ಕೋಲಾರ ಜಿಲ್ಲೆಗಳಲ್ಲಿ ಬೆಳೆಯುವ, ಬೀಜವುಳ್ಳ ನೀಲಿ ದ್ರಾಕ್ಷಿ ಇದಾಗಿದೆ. ಯುರೋಪಿನ ವೈನ್ ತಳಿಗಳ ಗುಂಪಿಗೆ ಸೇರದೆ, ಅಮೆರಿಕ ಮೂಲದ ಲ್ಯಾಬ್ರುಸ್ಕಾ ಗುಂಪಿಗೆ ಸೇರಿದೆ. ಒತ್ತಿದೊಡನೆ ತಿರುಳು ಸಿಪ್ಪೆಯಿಂದ ಜಾರಿ ಹೊರಬರುವುದು ಇದರ ಲಕ್ಷಣ. ವರ್ಷಕ್ಕೆ ಎರಡು ಬೆಳೆ ತೆಗೆಯಬಹುದಾಗಿದೆ. 2013ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆತಿದೆ. ಈ ತಳಿಯ ತೀವ್ರ ಪರಿಮಳವು ಸಿಹಿಯೊಂದಿಗೆ ಚೆನ್ನಾಗಿ ಬೆರೆಯುವುದರಿಂದ, ಪೋರ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ದೇಶೀಯ ಸಿಹಿ ವೈನ್‌ಗಳಿಗೆ ಇದನ್ನು ಬಳಸಲಾಗುತ್ತದೆ. ಹಣ್ಣಾಗಿ, ರಸವಾಗಿ, ಜಾಮ್ ಆಗಿಯೂ ಮಾರಾಟವಾಗುತ್ತದೆ.

4. ಸಿಹಿ ಬರುವ ಬಗೆ

ಕೆಂಪು ವೈನ್ ತಯಾರಿಕೆಯಲ್ಲಿ ಹಣ್ಣನ್ನು ಜಜ್ಜಿ, ಸಿಪ್ಪೆಸಹಿತವಾಗಿ ಹುದುಗಲು ಬಿಡಲಾಗುತ್ತದೆ. ಬಣ್ಣವೂ ಒಗರೂ ಬಹುಮಟ್ಟಿಗೆ ಸಿಪ್ಪೆಯಿಂದಲೇ ಬರುತ್ತವೆ. ಯೀಸ್ಟ್ ಹಣ್ಣಿನ ಸಕ್ಕರೆಯನ್ನು ಮದ್ಯಸಾರವಾಗಿ ಪರಿವರ್ತಿಸುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇಕಡಾ 1ರಷ್ಟು ಮದ್ಯಸಾರ ಉತ್ಪತ್ತಿಯಾಗುತ್ತದೆ. ಸಕ್ಕರೆಯೆಲ್ಲವೂ ಮುಗಿದಲ್ಲಿ ಅದು ಡ್ರೈ, ಅಂದರೆ ಸಿಹಿರಹಿತ ವೈನ್. ಐರೋಪ್ಯ ಒಕ್ಕೂಟದ ನಿಯಮದಂತೆ ಲೀಟರಿಗೆ 45 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಉಳಿದಿರುವುದು ಸಿಹಿ ವೈನ್.

ಸಿಹಿಯನ್ನು ಉಳಿಸುವ ವಿಧಾನಗಳು:

(ಅ) ಹಣ್ಣನ್ನು ಬಳ್ಳಿಯಲ್ಲಿಯೇ ಹೆಚ್ಚು ದಿನ ಬಿಟ್ಟು, ಸಕ್ಕರೆ ಸಾಂದ್ರವಾದ ನಂತರ ಕೊಯ್ಯುವುದು. ಶೆನಿನ್ ಬ್ಲಾಂಕ್ ಎಂಬ ಬಿಳಿ ತಳಿ ಇದಕ್ಕೆ ಸೂಕ್ತವಾಗಿದೆ.
(ಆ) ತಂಪುಗೊಳಿಸಿ, ಸೋಸಿ, ಹುದುಗುವಿಕೆಯನ್ನು ನಡುವೆ ನಿಲ್ಲಿಸುವುದು.
(ಇ) ದ್ರಾಕ್ಷಿಯ ಮದ್ಯಸಾರ ಬೆರೆಸಿ ಹುದುಗುವಿಕೆ ನಿಲ್ಲಿಸುವುದು. ಪೋರ್ಚುಗಲ್ಲಿನ ಡೌರೊ ಕಣಿವೆಯ ಮೂಲ ಪೋರ್ಟ್ ಹೀಗೆ ತಯಾರಾಗುತ್ತದೆ.
(ಈ) ತಯಾರಾದ ವೈನ್‌ಗೆ ಸಕ್ಕರೆ ಅಥವಾ ದ್ರಾಕ್ಷಿರಸ ಸೇರಿಸುವುದು.

ಈ ನಾಲ್ಕರ ರುಚಿಯೂ ಬೆಲೆಯೂ ಬೇರೆ ಬೇರೆ. ಆದುದರಿಂದ ಖರೀದಿಸುವವರು ಬಾಟಲಿಯ ಲೇಬಲ್ಲಿನಲ್ಲಿ ತಳಿ, ಮದ್ಯಸಾರದ ಪ್ರಮಾಣ ಮತ್ತು ಸೇರ್ಪಡೆಗಳ ವಿವರವನ್ನು ಪರಿಶೀಲಿಸುವುದು ಸೂಕ್ತ.

5. ಹೊಂದುವ ಆಹಾರ

ಕ್ಯಾಬರ್ನೆ: ಮಾಂಸದ ಕೊಬ್ಬು ಮತ್ತು ಪ್ರೋಟೀನು ಒಗರನ್ನು ತಗ್ಗಿಸುವುದರಿಂದ ಕುರಿ ಮಾಂಸದ ಹುರುಕಲು, ಕೈಮಾ ಉಂಡೆ.
ಶಿರಾಜ್: ಮೆಣಸಿನ ಪರಿಮಳವುಳ್ಳ ಕೊಡಗಿನ ಪಂದಿ ಕರಿ, ಸುಟ್ಟ ಮಾಂಸ.
ಮರ್ಲೋ: ಅಣಬೆ ಪಲ್ಯ, ಖಾರ ಕಡಿಮೆಯಿರುವ ಎಣ್ಣೆಗಾಯಿ ಮತ್ತು ಜೋಳದ ರೊಟ್ಟಿ.
ಸಿಹಿ ವೈನ್: ಹಣ್ಣು, ಕೇಕು, ಹುರಿದ ಗೋಡಂಬಿ.

ಹೆಚ್ಚು ಖಾರದ ಅಡುಗೆಯೊಂದಿಗೆ ಒಗರು ವೈನ್ ಸೇವಿಸಿದಲ್ಲಿ ಉರಿ ಹೆಚ್ಚುತ್ತದೆ. ಅಂಥಲ್ಲಿ ತುಸು ಸಿಹಿಯಿರುವ ವೈನ್ ಹೊಂದುತ್ತದೆ. ಒಗರಾದ ಕೆಂಪು ವೈನ್ ಮೀನಿನೊಂದಿಗೆ ಲೋಹದಂಥ ರುಚಿ ಕೊಡಬಹುದು. ಸಿಹಿ ತಿನಿಸಿಗಿಂತ ವೈನ್ ಹೆಚ್ಚು ಸಿಹಿಯಾಗಿರಬೇಕೆಂಬುದು ಸಾಮಾನ್ಯ ನಿಯಮ. ಈ ಕಾರಣದಿಂದ ಮೈಸೂರು ಪಾಕ್, ಧಾರವಾಡ ಪೇಡೆಗಳ ಜೊತೆ ವೈನ್ ಹುಳಿಯೆನಿಸುವ ಸಂಭವವಿದೆ.

ಕೆಂಪು ವೈನ್ ಅನ್ನು 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಡಿಸುವುದು ವಾಡಿಕೆ. ನಮ್ಮ ಬೇಸಿಗೆಯ ಕೋಣೆಯ ಉಷ್ಣತೆ ಇದಕ್ಕಿಂತ ಬಹಳ ಹೆಚ್ಚಿರುವುದರಿಂದ, ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ಇಡಬೇಕಾಗುತ್ತದೆ. ಸಿಹಿ ವೈನ್ ಇನ್ನೂ ತಂಪಾಗಿರಬೇಕು.

6. ಬೆಳೆಗಾರರ ಗಮನಕ್ಕೆ

ವಿಜಯಪುರ ಭಾಗದ ಥಾಮ್ಸನ್ ಸೀಡ್‌ಲೆಸ್ ಬೆಳೆಗೆ ಹಣ್ಣಿನ ಬೆಲೆ ಕುಸಿದರೂ ಒಣದ್ರಾಕ್ಷಿಯ ದಾರಿಯಿದೆ. ಬೆಂಗಳೂರು ಬ್ಲೂ ಬೆಳೆಗೆ ಸಂತೆಯೂ ರಸದ ಘಟಕವೂ ಇವೆ. ಆದರೆ ಕ್ಯಾಬರ್ನೆ, ಶಿರಾಜ್‌ಗಳ ಸಣ್ಣ, ಬೀಜಭರಿತ ಕಾಯಿಗಳನ್ನು ವೈನ್ ಘಟಕವಲ್ಲದೆ ಬೇರಾರೂ ಕೊಳ್ಳುವುದು ಅಪರೂಪ. ಘಟಕವು ಖರೀದಿಗೆ ಹಿಂದೆಗೆದಲ್ಲಿ ಮಾಗಿದ ಫಸಲು ಬಳ್ಳಿಯಲ್ಲಿಯೇ ಕೆಡುತ್ತದೆ. ಚಪ್ಪರ, ಹನಿ ನೀರಾವರಿ, ಸಸಿಗಳಿಗೆ ಹೂಡಿದ ಹಣ ಹಿಂದಿರುಗಲು ಹಲವು ವರ್ಷಗಳು ಬೇಕಾಗುವುದರಿಂದ, ಸಾಲ ಪಡೆದ ರೈತರಿಗೆ ಇದು ಭಾರಿ ಹೊರೆಯಾಗಬಲ್ಲದು.

ಆದುದರಿಂದ ಸಸಿ ನೆಡುವ ಮುನ್ನವೇ ಘಟಕದೊಂದಿಗೆ ಲಿಖಿತ ಕರಾರು ಮಾಡಿಕೊಳ್ಳುವುದು ಅಗತ್ಯ. ಕರಾರಿನಲ್ಲಿ ಈ ಕೆಳಗಿನ ಅಂಶಗಳು ಸ್ಪಷ್ಟವಾಗಿರಬೇಕು:

- ತಳಿ, ವಿಸ್ತೀರ್ಣ ಹಾಗೂ ಕರಾರಿನ ಅವಧಿ
- ಕೊಯ್ಲಿನ ವೇಳೆಗೆ ಹಣ್ಣಿನಲ್ಲಿರಬೇಕಾದ ಸಕ್ಕರೆ ಅಂಶ (ಬ್ರಿಕ್ಸ್), ಅದನ್ನು ಅಳೆಯುವವರು
- ಕೆ.ಜಿ.ಗೆ ದರ ಮತ್ತು ಹಣ ಪಾವತಿಯ ಗಡುವು
- ಕೊಯ್ಲಿನ ದಿನ ನಿಗದಿಪಡಿಸುವವರು ಮತ್ತು ಸಾಗಣೆ ವೆಚ್ಚ
- ಹಣ್ಣನ್ನು ತಿರಸ್ಕರಿಸಲು ಕಾರಣಗಳು, ಆಗಿನ ನಷ್ಟದ ಹೊಣೆ

7. ಸೂಚನೆ

ವೈನ್ ತಯಾರಿಕೆ ಮತ್ತು ಮಾರಾಟಕ್ಕೆ ಅಬಕಾರಿ ಇಲಾಖೆಯ ಪರವಾನಗಿ ಕಡ್ಡಾಯವಾಗಿದೆ. ತಳಿ ಆಯ್ಕೆ ಹಾಗೂ ಬೇಸಾಯದ ಬಗ್ಗೆ ತಾಲ್ಲೂಕಿನ ತೋಟಗಾರಿಕೆ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ವೈನ್ ಸಹ ಇದಕ್ಕೆ ಹೊರತಲ್ಲ. ಗರ್ಭಿಣಿಯರು ಸೇವಿಸಬಾರದು. ಸೇವಿಸಿದವರು ವಾಹನ ಚಲಾಯಿಸತಕ್ಕದ್ದಲ್ಲ.