ಪಾಠಶಾಲೆಯಲ್ಲಿ ಅತಿಭಾರವಾದ ಸೇವೆ ಯಾವುದು?

॥ ಶ್ರೀ ಗುರುಬಸವಲಿಂಗಾಯ ನಮಃ ॥

ಶ್ರೀಮಠದ ಈ ಮಹೋತ್ಸವದ ಸ್ಮಾರಕ ಗ್ರಂಥದಲ್ಲಿ ಪೂರ್ವಾಚಾರ್ಯರ ತಪಃಪ್ರಭಾವವನ್ನೂ, ದಾನಿಗಳ ಔದಾರ್ಯವನ್ನೂ, ಕಟ್ಟಡಗಳ ವಿಸ್ತಾರವನ್ನೂ ಕುರಿತು ಅನೇಕ ವಿದ್ವಾಂಸರು ಬರೆಯುತ್ತಿರುವರು. ಅದು ಯುಕ್ತವೇ ಸರಿ. ಆದರೆ ಮಠದ ಪಾಠಶಾಲೆಯು ದಿನದಿನವೂ ಯಾರ ಹೆಗಲಿನ ಮೇಲೆ ನಿಂತಿರುವುದು, ಅದರೊಳಗಿನ ನಾನಾ ಸೇವೆಗಳಲ್ಲಿ ಅತ್ಯಂತ ಭಾರವಾದುದು ಯಾವುದು, ಎಂಬ ವಿಚಾರವು ಇಂತಹ ಗ್ರಂಥಗಳಲ್ಲಿ ಬರುವುದು ಅಪರೂಪ. ಆ ವಿಚಾರವನ್ನು ಚರಿತ್ರೆಯ ಆಧಾರದಿಂದ ಯಥಾಮತಿಯಾಗಿ ಸದ್ಭಕ್ತರ ಮುಂದೆ ಇಡುವುದೇ ಈ ಲೇಖನದ ಉದ್ದೇಶವು.

ನಮ್ಮ ನಾಡಿನಲ್ಲಿ ಪೂರ್ವದಲ್ಲಿ ಶಾಲೆಗೂ ಮಠವೆಂಬ ಹೆಸರೇ ಇದ್ದಿತು. ಮಕ್ಕಳು ಸಂಬಳ ಕೊಟ್ಟು ಓದುತ್ತಿದ್ದ ಊರ ಶಾಲೆಗೆ ಕೂಲಿಮಠವೆಂದೂ, ಅಲ್ಲಿ ಓದಿಸುತ್ತಿದ್ದವರಿಗೆ ಐಗಳೆಂದೂ ಜನರು ಕರೆಯುತ್ತಿದ್ದರು. ಈ ಶಾಲೆಗಳ ಸ್ಥಿತಿಯನ್ನು ತಿಳಿಯಲು ಒಂದು ಉತ್ತಮವಾದ ಸಾಧನವು ನಮಗೆ ಉಳಿದಿರುವುದು. ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಎಂಬುವರು 1822ರಲ್ಲಿ ತಮ್ಮ ಆಡಳಿತಕ್ಕೆ ಒಳಪಟ್ಟ ಜಿಲ್ಲೆಗಳ ಶಾಲೆಗಳನ್ನೆಲ್ಲ ಎಣಿಸಬೇಕೆಂದು ಆಜ್ಞಾಪಿಸಿದರು. ಅದರಂತೆ ಬಳ್ಳಾರಿಯ ಕಲೆಕ್ಟರಾಗಿದ್ದ ಕ್ಯಾಂಬೆಲ್ ಎಂಬುವರು 1823ನೆಯ ಆಗಸ್ಟ್ ತಿಂಗಳಲ್ಲಿ ಒಂದು ವಿಸ್ತಾರವಾದ ವರದಿಯನ್ನು ಬರೆದು ಕಳುಹಿಸಿದರು. 9,27,857 ಜನರಿದ್ದ ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದುವು. ಇವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಒಟ್ಟು ವಿದ್ಯಾರ್ಥಿಗಳು 6,641. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ನಮ್ಮ ಸಮಾಜದ ಮಕ್ಕಳು ಓದುತ್ತಿದ್ದ ಗ್ರಂಥಗಳೆಂದು ಆ ವರದಿಯು ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ ಮೊದಲಾದುವನ್ನು ಹೆಸರಿಸಿರುವುದು.

ಲೆಕ್ಕ ಹಾಕಿದರೆ ಒಂದೊಂದು ಶಾಲೆಗೆ ಸುಮಾರು ಹನ್ನೆರಡು ಮಕ್ಕಳಾದರು. ಅಷ್ಟು ಮಕ್ಕಳಿಗೆ ಒಬ್ಬರೇ ಐಗಳು. ಅವರ ದಿನಚರಿಯನ್ನು ಆ ವರದಿಯಿಂದ ಊಹಿಸಬಹುದು. ಬೆಳಗಿನ ಆರು ಗಂಟೆಗೇ ಶಾಲೆಯು ಆರಂಭವಾಗುವುದು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಕೈಗೆ ಸೊನ್ನೆ. ಅವನಿಗೆ ಸ್ತುತಿಯೂ ಇಲ್ಲ, ನಿಂದೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಂತೆಲ್ಲ ಏಟುಗಳು ಏರುತ್ತ ಹೋಗುವುವು. ಆಮೇಲೆ ಎಳೆಯ ಮಕ್ಕಳಿಗೆ ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಬೇಕು, ದೊಡ್ಡವರಿಗೆ ಹಲಗೆ ಕಡತಗಳ ಮೇಲೆ ಬರೆಯಿಸಬೇಕು, ಮಗ್ಗಿಯನ್ನು ಒಪ್ಪಿಸಿಕೊಳ್ಳಬೇಕು, ಕಾವ್ಯವನ್ನು ಬಾಯಿಪಾಠ ಮಾಡಿಸಬೇಕು. ಊಟದ ಬಿಡುವುಗಳನ್ನು ಕಳೆದರೆ ಈ ಕೆಲಸವು ಸಾಯಂಕಾಲದವರೆಗೂ ನಡೆಯುವುದು.

ಒಬ್ಬರಿಂದ ಇದೆಲ್ಲವೂ ಹೇಗೆ ಸಾಧ್ಯವಾಯಿತೆಂದರೆ, ಮುಂದಿದ್ದ ಹುಡುಗರು ಹಿಂದಿದ್ದವರಿಗೆ ಹೇಳಿಕೊಡುತ್ತಿದ್ದರು. ಇದರಿಂದ ಕಲಿಸಿದವನ ವಿದ್ಯೆಯೂ ಗಟ್ಟಿಯಾಗುತ್ತಿದ್ದಿತು. ಈ ಕ್ರಮವನ್ನು ಕ್ಯಾಂಬೆಲ್ಲರು ಬಹುವಾಗಿ ಮೆಚ್ಚಿರುವರು. ಅವರಿಗಿಂತ ಮುಂಚೆಯೇ ಮದರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಗಳು ಇದನ್ನು 1797ರಲ್ಲಿ ಗ್ರಂಥಮುಖವಾಗಿ ಇಂಗ್ಲೆಂಡಿನವರಿಗೆ ತಿಳಿಸಿದ್ದರು. ಆದರೆ ಕ್ಯಾಂಬೆಲ್ಲರು ದೋಷವನ್ನೂ ಮುಚ್ಚಿಡಲಿಲ್ಲ. ಹಳೆಯ ಕಾವ್ಯಭಾಷೆಯನ್ನು ಮಕ್ಕಳು ಅರ್ಥವರಿಯದೆ ಗಿಳಿಪಾಠವಾಗಿ ಒಪ್ಪಿಸುತ್ತಿದ್ದರೆಂದೂ, ಜನರ ಬಡತನದಿಂದ ಶಾಲೆಗಳು ಕ್ಷೀಣಿಸುತ್ತಿದ್ದುವೆಂದೂ ಬರೆದಿರುವರು. ಐಗಳ ಶಿಕ್ಷೆಗಳೂ ಕೆಲವೆಡೆ ಕ್ರೂರವಾಗಿದ್ದುವು. ಕೋದಂಡಕ್ಕೆ ಏರಿಸುತ್ತಿದ್ದ ಕಥೆಗಳು ನಮ್ಮ ಹಿರಿಯರ ಬಾಯಲ್ಲಿ ಇದ್ದುವು. ಆದುದರಿಂದ ಆ ಕಾಲವೇ ಮರಳಿ ಬರಲೆಂದು ನಾನು ಹೇಳುವವನಲ್ಲ.

ಆದರೂ ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಐಗಳಿಗೆ ಪ್ರತಿಯೊಂದು ಮಗುವಿನ ಮನೆಯೂ ಗೊತ್ತಿದ್ದಿತು. ಮಹಾನವಮಿಯ ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು, ಚೌಪದಗಳನ್ನು ಹಾಡಿಸುತ್ತ ಅವರು ಮನೆಮನೆಗೂ ಹೋಗುತ್ತಿದ್ದರು. ಯಾವ ಮನೆಯಲ್ಲಿ ಒಲೆ ಉರಿದಿಲ್ಲ, ಯಾವ ಹುಡುಗನ ತಂದೆ ತೀರಿಕೊಂಡಿರುವನು, ಎಂಬುದು ಅವರಿಗೆ ಯಾರೂ ಹೇಳದೆಯೇ ತಿಳಿಯುತ್ತಿದ್ದಿತು. ಅಕ್ಷರದ ಭಾರವೂ ಮಗುವಿನ ಭಾರವೂ ಆಗ ಒಂದೇ ಹೆಗಲಿನ ಮೇಲೆ ಇದ್ದುವು.

ಕಾಲಕ್ರಮದಲ್ಲಿ ಸರಕಾರದ ಶಾಲೆಗಳು ಬಂದುವು. ತರಗತಿ, ಪರೀಕ್ಷೆ, ತನಿಖೆ, ಹಾಜರಿ ಪುಸ್ತಕ, ಇವೆಲ್ಲ ಹುಟ್ಟಿದುವು; ಮುಖ್ಯೋಪಾಧ್ಯಾಯರೆಂಬ ಹೊಸ ಅಧಿಕಾರವೂ ಹುಟ್ಟಿತು. ಮುಂಬಯಿ ಕರ್ನಾಟಕದಲ್ಲಿ ಮರಾಠಿಯು ಪ್ರಬಲವಾಗಿದ್ದಾಗ ಕನ್ನಡ ಶಾಲೆಗಳನ್ನು ಬೆಳೆಸಿದ ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಉಪಾಧ್ಯಾಯರನ್ನು ಸಿದ್ಧಪಡಿಸುವ ಕಾರ್ಯಕ್ಕೆ ಕೈಹಾಕಿದರು. ಗೋಡೆ ಮಾಡುಗಳಿಂದ ಶಾಲೆಯಾಗದು, ಉಪಾಧ್ಯಾಯರಿಂದ ಶಾಲೆಯಾಗುವುದು, ಎಂಬುದನ್ನು ಅವರ ಜೀವಿತವೇ ತೋರಿಸಿಕೊಟ್ಟಿತು.

ಅನಂತರ ನಮ್ಮ ಸಮಾಜದವರೇ ಶಾಲೆಗಳನ್ನು ಕಟ್ಟಲು ಹೊರಟಾಗ ಇನ್ನೊಂದು ಭಾರವು ಬಂದು ಸೇರಿತು. ಅದು ಧನಸಂಗ್ರಹದ ಭಾರ. 1916ನೆಯ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯ ಶಾಲೆಯು ಆರಂಭವಾಯಿತು. ಬಸವನಾಳ, ಸಾಖರೆ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಕಟ್ಟೀಮನಿ, ಪಾಟೀಲ ಎಂಬ ಏಳು ಮಂದಿ ತರುಣರು ಅದಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟರು. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದುದು ಉಚಿತವೇ ಆಗಿರುವುದು. ಪಾಠ ಹೇಳಿದ ನಾಲಗೆಯಿಂದಲೇ ದಾನವನ್ನೂ ಬೇಡುವುದು ಸಾಮಾನ್ಯವಾದ ತಪಸ್ಸಲ್ಲ. ಅವರು ನೆಟ್ಟ ಸಸಿಯು 1933ರ ಹೊತ್ತಿಗೆ ಲಿಂಗರಾಜ ಕಾಲೇಜೆಂಬ ಕೊಂಬೆಯನ್ನು ತಳೆಯಿತು.

ಮಠಗಳಲ್ಲಿಯಾದರೋ ಇದಕ್ಕೂ ಮಿಗಿಲಾದ ಒಂದು ಭಾರವಿದ್ದಿತು. ಹಾನಗಲ್ಲ ಕುಮಾರಸ್ವಾಮಿಗಳವರು 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ, ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಉದ್ಧಾನ ಶಿವಯೋಗಿಗಳವರು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದಾಗ, ಓದಲು ಬಂದವರಿಗೆ ಓದು ಮಾತ್ರ ಸಾಲದಾಯಿತು. ದೂರದೂರದ ಹಳ್ಳಿಗಳಿಂದ ಬಂದ ಬಡಮಕ್ಕಳಿಗೆ ಅನ್ನವೂ ಬೇಕು, ನೆಲೆಯೂ ಬೇಕು. ಹೀಗೆ ಪಾಠಶಾಲೆಯ ಪಕ್ಕದಲ್ಲಿ ಪ್ರಸಾದನಿಲಯವು ಹುಟ್ಟಿತು. 1941ರಿಂದ 2019ರವರೆಗೆ ಸಿದ್ಧಗಂಗಾ ಮಠವನ್ನು ನಡೆಸಿದ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳವರು ಹಳ್ಳಿಹಳ್ಳಿಗೆ ತೆರಳಿ, ಜೋಳಿಗೆಯೊಡ್ಡಿ ತಂದ ಧಾನ್ಯದಿಂದ ಮಕ್ಕಳನ್ನು ಸಲಹಿದುದನ್ನು ಬಲ್ಲವರು ಇನ್ನೂ ಇರುವರು. ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳು ಅಲ್ಲಿ ರಾಗಿಮುದ್ದೆಯನ್ನುಂಡು ವಿದ್ಯಾವಂತರಾದರು. ಅಟವೀ ಸ್ವಾಮಿಗಳವರ ಕಾಲದಲ್ಲಿ ಹೊತ್ತಿಸಿದ ದಾಸೋಹದ ಒಲೆಯು ಅಲ್ಲಿ ಆರಿಲ್ಲವೆಂಬುದು ಭಕ್ತರ ನಂಬುಗೆ. ಆ ಒಲೆಯ ಮಹಿಮೆಯನ್ನು ನಾವೆಲ್ಲರೂ ಕೊಂಡಾಡುವೆವು. ಅದಕ್ಕೆ ಅಪರಾತ್ರಿಯಲ್ಲೆದ್ದು ಸೌದೆಯಿಕ್ಕಿದ ಕೈಗಳು ಯಾರವೆಂದು ಕೇಳಿದವರು ಎಷ್ಟು ಮಂದಿ?

ಹೀಗೆ ಐಗಳೊಬ್ಬರು ಹೊತ್ತ ಹೊರೆಯು ನಾಲ್ಕು ಪಾಲಾಯಿತು. ಆಡಳಿತವು ಮುಖ್ಯೋಪಾಧ್ಯಾಯರಿಗೆ, ಮೇಲಿನ ಪಾಠವು ಪಂಡಿತರಿಗೆ, ಅಕ್ಷರಾಭ್ಯಾಸವು ಕೆಳಗಿನ ತರಗತಿಯ ಉಪಾಧ್ಯಾಯರಿಗೆ, ಮಗುವಿನ ಊಟ ನಿದ್ರೆ ಜ್ವರ ಕಣ್ಣೀರುಗಳು ನಿಲಯಪಾಲಕರಿಗೂ ಅಡಿಗೆಯವರಿಗೂ ಬಂದುವು. ಹೊರೆಯನ್ನು ಹಂಚಿಕೊಂಡುದು ತಪ್ಪಲ್ಲ. ಮರ್ಯಾದೆಯನ್ನು ಹಂಚುವಾಗ ಮಾತ್ರ ನಾವು ಮೊದಲಿನ ಎರಡು ಪಾಲಿನವರನ್ನೇ ಕಂಡೆವು. ಶಾಲು ಹೊದೆಯಿಸುವುದು ಅವರಿಗೆ, ಭಾವಚಿತ್ರ ಅಚ್ಚಾಗುವುದು ಅವರದು.

ಈ ಮಾತನ್ನು ಪರರನ್ನು ದೂಷಿಸಲು ಬರೆದಿಲ್ಲ. ನನ್ನ ಅನುಭವದಿಂದಲೇ ಬರೆದಿರುವೆನು. ಕಾವ್ಯ ವ್ಯಾಕರಣಗಳನ್ನು ಪಾಠ ಹೇಳುತ್ತ ಬಂದ ನನಗೆ ಒಂದು ವರ್ಷ, ಕೆಳಗಿನ ತರಗತಿಯ ಉಪಾಧ್ಯಾಯರು ಅಸ್ವಸ್ಥರಾದುದರಿಂದ, ಮೂರು ತಿಂಗಳ ಕಾಲ ಅಕ್ಷರ ಕಲಿಸುವ ಪ್ರಸಂಗವು ಬಂದಿತು. ಸಂಧಿ ಸಮಾಸಗಳನ್ನು ಬಲ್ಲವನಿಗೆ ಇದೇನು ಮಹಾಕಾರ್ಯವೆಂದುಕೊಂಡು ಹೋದೆನು. ವಾರ ಕಳೆಯುವುದರೊಳಗಾಗಿ ನನ್ನ ಗರ್ವವು ಇಳಿಯಿತು. ತಿಳಿದವರಿಗೆ ಶಾಸ್ತ್ರ ಹೇಳುವುದು ಸುಲಭ. ಏನೂ ತಿಳಿಯದ ಮಗುವಿಗೆ ಒಂದಕ್ಷರದ ತಿರುವನ್ನು ನೂರು ಸಾರಿ ಬೇಸರವಿಲ್ಲದೆ ತೋರಿಸುವುದು ಕಷ್ಟ. ಅಲ್ಲಿ ಒಬ್ಬ ಹೊಸ ಹುಡುಗನಿದ್ದನು. ಏನು ಹೇಳಿದರೂ ಬಳಪವನ್ನು ಮುಟ್ಟುತ್ತಿರಲಿಲ್ಲ. ಮಂದಬುದ್ಧಿಯೆಂದು ಬಗೆದು ನಾನು ಅವನನ್ನು ಎಲ್ಲರೆದುರು ಗದರಿಸಿ ನಿಲ್ಲಿಸಿದೆನು. ಅಂದು ರಾತ್ರಿ ಪ್ರಸಾದನಿಲಯದ ಅಡಿಗೆಯವರು ನನ್ನ ಬಳಿಗೆ ಬಂದು, “ಶಾಸ್ತ್ರಿಗಳೇ, ಆ ಕೂಸಿಗೆ ಬುದ್ಧಿ ಕಡಿಮೆ ಇಲ್ಲರಿ. ಮೂರು ದಿವಸದಿಂದ ಪಂಕ್ತಿಯಲ್ಲಿ ಕೂಡತಾನ, ತುತ್ತು ಎತ್ತೂದಿಲ್ಲ. ಅವ್ವನ ನೆನಪು” ಎಂದರು. ಮರುದಿನದಿಂದ ಅವರು ಅವನನ್ನು ಒಲೆಯ ಬಳಿಯಲ್ಲಿಯೇ ಕೂರಿಸಿಕೊಂಡು ಉಣಿಸಿದರು. ಎಂಟು ದಿನಗಳಲ್ಲಿ ಹುಡುಗನು ತಾನಾಗಿ ಬಳಪ ಹಿಡಿದನು. ನಾನು ಅವನಿಗೆ ಕಲಿಸಿದೆನೆಂದು ಹೇಳಲು ನನ್ನ ನಾಲಗೆ ಏಳದು.

ಐಗಳಿಗೆ ತಿಳಿದಿದ್ದುದು ನನಗೆ ತಿಳಿದಿರಲಿಲ್ಲ. ಅದು ಅಡಿಗೆಯವರಿಗೆ ತಿಳಿದಿದ್ದಿತು. ಅವರನ್ನು ಕೇಳಬೇಕೆಂಬುದು ನನಗೆ ಹೊಳೆದಿರಲಿಲ್ಲ. ಮುಖ್ಯೋಪಾಧ್ಯಾಯರ ಭಾರವು ದೊಡ್ಡದೇ, ಆದರೆ ಅದಕ್ಕೆ ರಜೆಯುಂಟು, ಕೀರ್ತಿಯುಂಟು. ಪಂಡಿತರ ಭಾರಕ್ಕೆ ಶಾಸ್ತ್ರದ ಆನಂದವೇ ಪ್ರತಿಫಲವು. ನಿಲಯವನ್ನು ಕಾಯುವವರಿಗಾದರೋ ಹಗಲು ಮುಗಿದ ಮೇಲೆ ರಾತ್ರಿಯೂ ಮುಗಿಯದು. ಆದುದರಿಂದ ಮೊದಲಕ್ಷರವನ್ನು ಕಲಿಸುವ ಸೇವೆ, ಮಗುವಿನ ಹಸಿವನ್ನು ಅರಿಯುವ ಸೇವೆ, ಈ ಎರಡೇ ಪಾಠಶಾಲೆಯಲ್ಲಿ ಅತಿಭಾರವಾದುವೆಂದು ನನ್ನ ನಿಶ್ಚಯವು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಶರಣರ ಮಕ್ಕಳಾದ ನಮಗೆ ಇದು ಹೊಸ ಮಾತಲ್ಲ, ಮರೆತ ಮಾತು.

ಈ ಸೇವೆಗಳಿಗೆ ನಿಂತು ದುಡಿಯುವ ಜನರು ದೊರೆಯುವುದು ಈಗ ವರ್ಷವರ್ಷಕ್ಕೂ ದುರ್ಲಭವಾಗುತ್ತಿರುವುದು. ಆ ಕಾರಣದಿಂದ ಸದ್ಭಕ್ತರಲ್ಲಿಯೂ ಶ್ರೀಮಠದ ಆಡಳಿತದವರಲ್ಲಿಯೂ ನನ್ನ ವಿಜ್ಞಾಪನೆಯು ಮೂರೇ ಮಾತಿನದು. ಉಪಾಧ್ಯಾಯರ ಸಭೆಯಲ್ಲಿ ನಿಲಯಪಾಲಕರಿಗೂ ಅಡಿಗೆಯವರಿಗೂ ಆಸನವಿರಲಿ. ವಾರಕ್ಕೊಂದು ದಿನವಾದರೂ ಅವರಿಗೆ ಬಿಡುವು ದೊರೆಯುವಂತೆ ಬದಲಿ ಜನರನ್ನು ನೇಮಿಸುವ ಏರ್ಪಾಡಾಗಲಿ. ಈ ಮಹೋತ್ಸವದಲ್ಲಿ ದಾನಿಗಳ ಹೆಸರನ್ನು ಕೆತ್ತಿಸುವ ಶಿಲೆಯ ಮೇಲೆಯೇ, ಪಾಠಶಾಲೆಯು ಆರಂಭವಾದಂದಿನಿಂದ ಅಕ್ಷರ ಕಲಿಸಿದವರ ಮತ್ತು ಅನ್ನವಿಕ್ಕಿದವರ ಹೆಸರುಗಳನ್ನು ಹಳೆಯ ಲೆಕ್ಕದ ಪುಸ್ತಕಗಳಿಂದ ಹುಡುಕಿ ಕೆತ್ತಿಸೋಣವಾಗಲಿ. ಆ ಪುಸ್ತಕಗಳನ್ನು ಓದಿ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸವನ್ನು ನಾನೇ ವಹಿಸಿಕೊಳ್ಳುವೆನು. ಅಂದು ನಾನು ಗದರಿಸಿದ ಹುಡುಗನಿಗೆ ಸಲ್ಲಬೇಕಾದ ಋಣದಲ್ಲಿ ಅಷ್ಟಾದರೂ ಸಂದಂತಾಗುವುದು.

ಶ್ರೀಗುರುವು ಪಾಠಶಾಲೆಯನ್ನೂ, ಅದರ ಒಲೆಯನ್ನೂ, ಒಲೆಯ ಬಳಿಯಲ್ಲಿರುವವರನ್ನೂ ಚಿರಕಾಲ ಕಾಪಾಡಲಿ.

॥ ಮಂಗಳಮಸ್ತು ॥