ಮಂಡಿಯೊಳಗಿನ ಸಿಂಬೆ: ಕಿತ್ತುಹಾಕುವುದರಿಂದ ಹೊಲಿಯುವವರೆಗೆ

ಇವತ್ತಿನ ಸಂಚಿಕೆಯನ್ನ ಒಂದು ಬಾಟಲಿಯಿಂದ ಶುರು ಮಾಡ್ತೀನಿ.

ನಮ್ಮ ಚಿಕ್ಕಪ್ಪ ಮಂಡ್ಯ ಕಡೆಯ ಕಬಡ್ಡಿ ಆಟಗಾರ. 1974ರಲ್ಲಿ ರೈಡಿಗೆ ಹೋದಾಗ ಎದುರಿನವರ ಹಿಡಿತಕ್ಕೆ ಕಾಲು ತಿರುಚಿತು. ಮಂಡಿ ಮಡಿಸಿದಲ್ಲೇ ಸಿಕ್ಕಿಕೊಂಡಿತು, ನೇರ ಮಾಡೋಕೆ ಆಗಲಿಲ್ಲ. ಆಪರೇಷನ್ ಆಯಿತು. ಮಂಡಿಯಿಂದ ತೆಗೆದದ್ದನ್ನು ಡಾಕ್ಟರು ಸ್ಪಿರಿಟ್ ತುಂಬಿದ ಸಣ್ಣ ಬಾಟಲಿಗೆ ಹಾಕಿ ಕೈಗೆ ಕೊಟ್ಟರು. ಅದು ವರ್ಷಗಟ್ಟಲೆ ಗೋಡೆಯ ಗೂಡಿನಲ್ಲಿತ್ತು. ನಾವು ಮಕ್ಕಳೆಲ್ಲ ಕದ್ದು ನೋಡ್ತಿದ್ವಿ. ಕಾಯಿ ಹೋಳಿನ ಅಂಚಿನಿಂದ ಕೊಯ್ದ ಚೂರಿನ ಹಾಗೆ ಬೆಳ್ಳಗೆ, ಬಾಗಿಕೊಂಡು, ಹೊರಗಡೆ ದಪ್ಪ, ಒಳಗಡೆ ತೆಳು.

ಎರಡು ತಿಂಗಳಿಗೆ ಚಿಕ್ಕಪ್ಪ ಗದ್ದೆಗೆ ಇಳಿದರು. ಮರುವರ್ಷ ಕಬಡ್ಡಿಗೂ ಇಳಿದರು. ಡಾಕ್ಟರ ಕೈಗುಣ ಅಂತ ಊರೆಲ್ಲ ಹೊಗಳಿತು. ಹದಿನೆಂಟು ವರ್ಷ ಕಳೆದ ಮೇಲೆ ಅದೇ ಮಂಡಿ ಊದೋಕೆ ಶುರುವಾಯಿತು. ಐವತ್ತು ದಾಟೋ ಹೊತ್ತಿಗೆ ಕಾಲು ಬಿಲ್ಲಿನ ಹಾಗೆ ಬಾಗಿತ್ತು, ನೆಲದ ಮೇಲೆ ಕೂತು ಊಟ ಮಾಡೋದು ನಿಂತೇ ಹೋಯಿತು. ಚಿಕ್ಕಮ್ಮ ಇವತ್ತಿಗೂ ಆ ಡಾಕ್ಟರಿಗೆ ಶಾಪ ಹಾಕ್ತಾರೆ: "ಇರೋದನ್ನ ಕಿತ್ತು ಬಾಟ್ಲಿಗೆ ಹಾಕ್ಬುಟ್ಟ." ನಾನೂ ಹಾಗೇ ನಂಬಿದ್ದೆ. ಕಳೆದ ವರ್ಷ ಅವರ ಮೊಮ್ಮಗಳಿಗೆ, ಅವಳೂ ಕಬಡ್ಡಿ ಆಡ್ತಾಳೆ, ಅದೇ ತರಹದ ಪೆಟ್ಟು ಬಿತ್ತು. ಈ ಸಲದ ಡಾಕ್ಟರು ಅಂದರು: "ಏನೂ ತೆಗೆಯಲ್ಲ, ಹೊಲೀತೀವಿ." ಒಂದೇ ಮನೆ, ಒಂದೇ ಪೆಟ್ಟು, ಎರಡು ಉತ್ತರ. ಹಾಗಾಗಿ ಓದೋಕೆ ಕೂತೆ.

ಆ ಬೆಳ್ಳಗಿನ ಚೂರಿನ ಹೆಸರು ಮೆನಿಸ್ಕಸ್. ಪ್ರತಿ ಮಂಡಿಯಲ್ಲೂ ಎರಡೆರಡು ಇರ್ತವೆ. ತೊಡೆ ಮೂಳೆಯ ತುದಿ ಉರುಟು, ಅದರ ಕೆಳಗಿನ ಕಾಲಿನ ಮೂಳೆಯ ತಲೆ ಹೆಚ್ಚುಕಡಿಮೆ ಚಪ್ಪಟೆ. ಉರುಟು ತಳದ ಬಿಂದಿಗೆಯನ್ನ ನೆಲದ ಮೇಲೆ ಹಾಗೇ ಇಟ್ಟರೆ ನಿಲ್ಲಲ್ಲ, ಅದಕ್ಕೆ ಸಿಂಬೆ ಬೇಕಲ್ವಾ? ಮೆನಿಸ್ಕಸ್ ಅಂದ್ರೆ ಆ ಸಿಂಬೆ. ಭಾರ ಒಂದೇ ಬಿಂದುವಿನ ಮೇಲೆ ಬೀಳದ ಹಾಗೆ ಅಗಲಕ್ಕೆ ಹಂಚುತ್ತದೆ.

ಇಷ್ಟು ಸರಳವಾದ ವಿಷಯ ಬಹಳ ಕಾಲ ವೈದ್ಯರ ತಲೆಗೆ ಹೋಗಲಿಲ್ಲ. 1897ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಬ್ಲಾಂಡ್-ಸಟನ್ ಇದನ್ನು ಕಾಲಿನ ಸ್ನಾಯುವಿನ ಉಳಿಕೆ, ಕೆಲಸವಿಲ್ಲದ್ದು ಅಂತ ಬರೆದರು. ಕೆಲಸವಿಲ್ಲದ್ದು ಹರಿದರೆ ಏನು ಮಾಡ್ತೀರಿ? ತೆಗೀತೀರಿ.

ವಿಚಿತ್ರ ಅಂದ್ರೆ, ಅದಕ್ಕೂ ಮೊದಲೇ ಒಬ್ಬರು ಹೊಲಿದಿದ್ದರು. 1883ರಲ್ಲಿ ಎಡಿನ್‌ಬರೋದ ಥಾಮಸ್ ಆನಂಡೇಲ್ ಒಬ್ಬ ಗಣಿ ಕಾರ್ಮಿಕನ ಮಂಡಿ ತೆರೆದು, ಜಾಗ ಬಿಟ್ಟು ಜಾರಿದ್ದ ಮೆನಿಸ್ಕಸ್ಸನ್ನು ಹೊಲಿದು ಕೂರಿಸಿದರು. ಆ ಕಾಲದಲ್ಲಿ ಕೀಲನ್ನು ತೆರೆಯೋದೇ ಪ್ರಾಣದ ಜೊತೆ ಆಟ. ಕೀವಾದರೆ ಕಾಲು ಹೋಗ್ತಿತ್ತು, ಜೀವವೂ ಹೋಗ್ತಿತ್ತು. ಲಿಸ್ಟರ್ ಅವರ ಕಾರ್ಬಾಲಿಕ್ ಆಮ್ಲದ ವಿಧಾನ ಬಂದಿದ್ದರಿಂದ ಆ ಧೈರ್ಯ ಬಂತು. ಆ ಕಾರ್ಮಿಕ ವಾಪಸ್ ಕೆಲಸಕ್ಕೆ ಹೋದ. ಆದರೆ ಅದೇ ಆನಂಡೇಲ್ ಕೆಲವೇ ವರ್ಷಗಳಲ್ಲಿ, 1889ರಲ್ಲಿ, ಮೆನಿಸ್ಕಸ್ ತೆಗೆದುಹಾಕಿ ರೋಗಿ ಪೂರ್ತಿ ಗುಣವಾದ ಅಂತಲೂ ವರದಿ ಮಾಡಿದರು. ಮುಂದಿನವರು ಹಿಡಿದದ್ದು ಈ ಎರಡನೇ ದಾರಿಯನ್ನ. ಸ್ಕಾಟ್ಲೆಂಡಿನ ಸ್ಮಿಲೀ ಅವರ ಮಂಡಿ ಗಾಯದ ಪುಸ್ತಕ 1946ರಲ್ಲಿ ಬಂತು. ಪೂರ್ತಿ ತೆಗೀರಿ, ಆ ಜಾಗದಲ್ಲಿ ಹೊಸದು ಬೆಳೆಯುತ್ತೆ ಅನ್ನೋ ವಾದ ಅವರದು. ಏನೋ ಬೆಳೀತಿತ್ತು ನಿಜ, ಆದರೆ ಅದು ಹಳೆಯದರ ಕೆಲಸ ಮಾಡೋ ಸಿಂಬೆಯಲ್ಲ.

ಎಚ್ಚರಿಕೆ ಕೊಟ್ಟವರು ಇರಲಿಲ್ಲವಾ? ಇದ್ದರು. 1936ರಲ್ಲಿ ಅಮೆರಿಕದ ಡಾನ್ ಕಿಂಗ್ ನಾಯಿಗಳ ಮೇಲೆ ಪ್ರಯೋಗ ಮಾಡಿ, ಹೊರ ಅಂಚಿಗೆ ತಾಗಿದ ಹರಿತ ಕೂಡಿಕೊಳ್ಳುತ್ತೆ, ತೆಗೆದರೆ ಕೀಲು ಸವೆಯುತ್ತೆ ಅಂತ ತೋರಿಸಿದರು. 1948ರಲ್ಲಿ ಇಂಗ್ಲೆಂಡಿನ ಫೇರ್‌ಬ್ಯಾಂಕ್ ಮೆನಿಸ್ಕಸ್ ತೆಗೆಸಿಕೊಂಡವರ ಎಕ್ಸ್‌ರೇಗಳನ್ನು ಜೋಡಿಸಿ ನೋಡಿದರು. ಮೂಳೆಗಳ ನಡುವಿನ ಸಂದು ಕಿರಿದಾಗಿತ್ತು, ತೊಡೆ ಮೂಳೆಯ ಉರುಟು ಚಪ್ಪಟೆಯಾಗಿತ್ತು, ಅಂಚಿನಲ್ಲಿ ದಿಣ್ಣೆ ಎದ್ದಿತ್ತು. ಈ ಆಪರೇಷನ್ನು ಪೂರ್ತಿ ನಿರಪಾಯ ಅಲ್ಲ ಅಂತ ಅವರು ಬರೆದರು. ಬಹಳ ಮೆತ್ತಗೆ ಬರೆದರು ಅಂತ ನನಗನ್ನಿಸುತ್ತೆ.

ಹಾಗಾದ್ರೆ ಯಾಕೆ ನಿಲ್ಲಿಸಲಿಲ್ಲ? ನಾನು ಹೆಚ್ಚು ಹೊತ್ತು ಯೋಚಿಸಿದ್ದು ಇದನ್ನೇ. ಎರಡು ತಿಂಗಳಿಗೆ ನಗ್ತಾ ನಡೆದು ಬರೋ ರೋಗಿಯನ್ನ ಡಾಕ್ಟರು ನೋಡ್ತಾರೆ. ಹದಿನೆಂಟು ವರ್ಷ ಆದಮೇಲೆ ಕುಂಟೋ ರೋಗಿಯನ್ನ ನೋಡೋದು ಬೇರೆ ಡಾಕ್ಟರು. ತಪ್ಪಿನ ಬಿಲ್ಲು ಅಷ್ಟು ತಡವಾಗಿ ಬಂದಾಗ ಅದು ಯಾರ ಮೇಜಿಗೂ ತಲುಪಲ್ಲ. ಇನ್ನೊಂದು ಮಾತೂ ಹೇಳಬೇಕು. ಉಳಿಸಬೇಕು ಅಂದರೂ ಮಂಡಿಯನ್ನ ಅಗಲವಾಗಿ ಕೊಯ್ಯದೆ ಒಳಗೆ ನೋಡೋಕೆ, ಅಷ್ಟು ಇಕ್ಕಟ್ಟಿನಲ್ಲಿ ಕೆಲಸ ಮಾಡೋಕೆ ಸರಿಯಾದ ಸಾಧನ ಆ ಡಾಕ್ಟರುಗಳ ಕೈಲಿ ಇರಲಿಲ್ಲ.

ಸಾಧನ ಬಂದದ್ದು ಜಪಾನಿನಿಂದ. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಮೂತ್ರಕೋಶ ನೋಡೋ ನಳಿಗೆಯನ್ನ ಶವದ ಮಂಡಿಯೊಳಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವಟನಾಬೆ ಅದನ್ನ ತಿದ್ದಿ ತಿದ್ದಿ, 21ನೇ ಮಾದರಿಯನ್ನ ನಿಜವಾಗಿ ಕೆಲಸಕ್ಕೆ ಬರೋ ಹಾಗೆ ಮಾಡಿದರು. 1962ರಲ್ಲಿ ಅದೇ ನಳಿಗೆಯ ಮೂಲಕ ಹರಿದ ಚೂರನ್ನಷ್ಟೇ ಕತ್ತರಿಸಿ, ಉಳಿದದ್ದನ್ನ ಬಿಟ್ಟರು. 1964ರಲ್ಲಿ ಟೋಕಿಯೋಗೆ ಹೋದ ಕೆನಡಾದ ರಾಬರ್ಟ್ ಜಾಕ್ಸನ್ ಅವರ ಹತ್ತಿರ ಈ ವಿದ್ಯೆ ಕಲಿತರು, ಬದಲಿಗೆ ಇಂಗ್ಲಿಷ್ ಹೇಳಿಕೊಟ್ಟರು. ವಿದ್ಯೆ ಹೀಗೆ ಉತ್ತರ ಅಮೆರಿಕಕ್ಕೆ ಹೋಯಿತು. 1969ರಲ್ಲಿ ಟೋಕಿಯೋದಲ್ಲೇ ಹಿರೋಶಿ ಇಕೆಯುಚಿ ನಳಿಗೆಯ ಮೂಲಕ ಹೊಲಿದೂ ತೋರಿಸಿದರು.

ಚಿಕ್ಕಪ್ಪನ ಆಪರೇಷನ್ ಆದ ಮರುವರ್ಷ, 1975ರಲ್ಲಿ, ವಾಕರ್ ಮತ್ತು ಅರ್ಕ್‌ಮನ್ ಮಂಡಿಯ ಮೇಲೆ ಭಾರ ಹೇರಿ ಅಳೆದು, ಅದರ ದೊಡ್ಡ ಪಾಲು ಮೆನಿಸ್ಕಸ್ ಮೂಲಕ ಇಳಿಯುತ್ತೆ ಅಂತ ತೋರಿಸಿದರು. 1982ರಲ್ಲಿ ಆರ್ನೋಸ್ಕಿ ಮತ್ತು ವಾರೆನ್ ರಕ್ತನಾಳಗಳ ನಕ್ಷೆ ಬಿಡಿಸಿದರು. ದೊಡ್ಡವರಲ್ಲಿ ಹೊರ ಅಂಚಿನ ಶೇಕಡಾ 10ರಿಂದ 30ರಷ್ಟು ಭಾಗಕ್ಕೆ ಮಾತ್ರ ರಕ್ತ ಬರುತ್ತೆ. ಅಲ್ಲಿ ಹರಿದರೆ ಹೊಲಿಗೆ ಕೂಡಿಕೊಳ್ಳೋ ಸಾಧ್ಯತೆ ಚೆನ್ನಾಗಿದೆ, ಒಳಗಿನ ತೆಳು ಅಂಚಿನಲ್ಲಿ ಕಷ್ಟ. ಎಲ್ಲವನ್ನೂ ಹೊಲಿಯೋಕಾಗಲ್ಲ ಅನ್ನೋದು ಇದಕ್ಕೇ.

ನಳಿಗೆ ಕೈಗೆ ಬಂದಮೇಲೆ ಇನ್ನೊಂದು ಅತಿ ಶುರುವಾಯಿತು. ನಡುವಯಸ್ಸಿನವರ ಸವೆದ ಮಂಡಿಗೂ ಟ್ರಿಮ್ ಮಾಡೋದು. 2013ರಲ್ಲಿ ಫಿನ್ಲೆಂಡಿನ ವೈದ್ಯರು 35ರಿಂದ 65 ವಯಸ್ಸಿನ, ಸವೆತದಿಂದ ಮೆನಿಸ್ಕಸ್ ಹರಿದಿದ್ದ 146 ಜನರಲ್ಲಿ ಕೆಲವರಿಗೆ ನಿಜವಾದ ಆಪರೇಷನ್, ಉಳಿದವರಿಗೆ ಬರೀ ನಟನೆಯ ಆಪರೇಷನ್ ಮಾಡಿದರು. ಒಂದು ವರ್ಷದ ಮೇಲೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಂಥ ಮಂಡಿಗೆ ಈಗ ಮೊದಲು ವ್ಯಾಯಾಮ, ತೂಕ ಇಳಿಸೋದು. ಕೈಯಲ್ಲಿ ಸ್ಕ್ಯಾನ್ ರಿಪೋರ್ಟ್ ಹಿಡಿದು ಗಾಬರಿಯಾಗಿರೋ ಕೇಳುಗರಿದ್ದರೆ ಇದನ್ನ ನಿಮ್ಮ ಡಾಕ್ಟರ ಹತ್ತಿರ ಕೇಳಿ.

ನಮ್ಮ ಹುಡುಗಿಯ ಹರಿತ ಅಂಚಿನಲ್ಲಿತ್ತು, ವಯಸ್ಸು ಹತ್ತೊಂಬತ್ತು. ಹೊಲಿದರು. ತಾತನ ಹಾಗೆ ಬೇಗ ಓಡಾಡೋಕೆ ಅವಳಿಗೆ ಆಗಲಿಲ್ಲ. ಆರು ವಾರ ಊರುಗೋಲು, ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. "ನಂದು ಇಷ್ಟೊತ್ತಿಗೆ ಸರಿಹೋಗಿತ್ತಲ್ಲ ಮಗಾ" ಅಂತ ಚಿಕ್ಕಪ್ಪ ರೇಗಿಸ್ತಿದ್ದರು.

ಓದಿದ್ದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದೆ. ಆ ಡಾಕ್ಟರು ಪುಸ್ತಕದಲ್ಲಿ ಇದ್ದದ್ದನ್ನೇ ಮಾಡಿದರು, ಆಗ ಎಲ್ಲರೂ ಹಾಗೇ ಮಾಡ್ತಿದ್ದರು ಅಂದೆ. ಅವರೆಕಾಳು ಬಿಡಿಸ್ತಾ ಕೇಳಿಸಿಕೊಂಡರು. ಕೊನೆಗೆ ಒಂದೇ ಮಾತು ಅಂದರು: "ಹಂಗಾದ್ರೆ ನಲವತ್ತೆಂಟ್ರಲ್ಲೇ ಗೊತ್ತಿತ್ತು ಅನ್ನು."