ಲಾಗ್‌ನ ಕೊನೆಯ ಸಾಲು

ಸರ್ವರ್ ಸಾಯೋವಾಗ ಕೂಗಿ ಹೇಳಲ್ಲ. ಲಾಗ್ ಫೈಲಿನಲ್ಲಿ ಯಾವುದೋ ಒಂದು ಸಾಲು ಬರುತ್ತೆ, ಅದರ ಕೆಳಗೆ ಖಾಲಿ. ಒಂದು ಪ್ರಾಣಿಯ ವಂಶಕ್ಕೂ ಅಂಥದ್ದೇ ಕೊನೆಯ ಸಾಲಿದೆ ಅಂತ ಗೊತ್ತಾಗಿದ್ದು ಕ್ರಿಸ್ಮಸ್ ದ್ವೀಪದ ಬಗ್ಗೆ ಓದುವಾಗ.

ಜಾವಾದಿಂದ ದಕ್ಷಿಣಕ್ಕೆ ಸುಮಾರು 350 ಕಿ.ಮೀ. ದೂರದಲ್ಲಿ, ಕಡಲಡಿಯ ಹಳೇ ಜ್ವಾಲಾಮುಖಿಯೊಂದರ ನೆತ್ತಿ ಈ ದ್ವೀಪ. ಬರೀ 135 ಚದರ ಕಿ.ಮೀ. 1643ರ ಕ್ರಿಸ್ಮಸ್ ದಿನ ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ವಿಲಿಯಂ ಮೈನರ್ಸ್ ಪಕ್ಕದಲ್ಲಿ ಹಾದುಹೋಗುತ್ತಾ ಹೆಸರಿಟ್ಟ. ಅಲ್ಲಿ ಮನುಷ್ಯರಿರಲಿಲ್ಲ. ಕಾಡು, ಕಡಲಹಕ್ಕಿ, ಕೋಟಿಗಟ್ಟಲೆ ಕೆಂಪು ಏಡಿ. ಮೊದಲ ಮಳೆಗೆ ನಮ್ಮೂರ ಗದ್ದೆ ಬದುವಿನಿಂದ ನಾಲ್ಕು ಏಡಿ ಹೊರಬಂದ್ರೆ ಹುಡುಗರಿಗೆಲ್ಲ ಹಬ್ಬ. ಅಲ್ಲಿ ಇಡೀ ಕಾಡೇ ಎದ್ದು ಮೊಟ್ಟೆಯಿಡಲು ಸಮುದ್ರದ ಕಡೆ ಹೊರಡುತ್ತೆ. ಈಗಲೂ ಆ ದಿನಗಳಲ್ಲಿ ರಸ್ತೆ ಮುಚ್ಚುತ್ತಾರೆ.

ಮಣ್ಣಲ್ಲಿ ಫಾಸ್ಫೇಟ್ ಇದೆ ಅಂತ ಗೊತ್ತಾಗಿದ್ದೇ ತಡ, 1888ರಲ್ಲಿ ಬ್ರಿಟಿಷರು ದ್ವೀಪವನ್ನು ತಮ್ಮದಾಗಿಸಿಕೊಂಡರು. ಅಗೆಯೋದಕ್ಕೆ ಚೀನಾದಿಂದ ಕೂಲಿಗಳು ಬಂದರು. ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದು ಬೆರಿಬೆರಿ ಬಂದು ಅವರಲ್ಲಿ ನೂರಾರು ಜನ ಸತ್ತರು. ತೌಡಲ್ಲಿರೋ ಒಂದು ವಿಟಮಿನ್ ಇಲ್ಲದೆ! ದ್ವೀಪದ ಕಥೆ ಹೇಳುವವರು ಏಡಿಗಳ ಬಗ್ಗೆ ಹೇಳಿದಷ್ಟು ಇವರ ಬಗ್ಗೆ ಹೇಳಲ್ಲ.

ಹಡಗುಗಳಲ್ಲಿ ಕರೆಯದ ನೆಂಟರೂ ಬಂದರು. 1899ರಲ್ಲಿ ಬಂದ ಒಂದು ಹಡಗಿನಿಂದ ಕಪ್ಪು ಇಲಿಗಳು ಇಳಿದವು ಅಂತಾರೆ, ಹಡಗಿನ ಹೆಸರು 'ಹಿಂದೂಸ್ತಾನ್'. ಅವು ಹೊತ್ತು ತಂದ ರೋಗಕ್ಕೆ ದ್ವೀಪದ್ದೇ ಆದ ಎರಡು ಜಾತಿಯ ಇಲಿಗಳು ಹತ್ತೇ ವರ್ಷದೊಳಗೆ ನಿರ್ನಾಮವಾದವು. ಆಗ ಯಾರಿಗೂ ತಿಳಿದಿರಲಿಲ್ಲ ಅನ್ನೋಣ. ನೂರು ವರ್ಷದ ನಂತರ ಆ ಮಾತು ಹೇಳೋಕಾಗಲ್ಲ.

ದ್ವೀಪದಲ್ಲೊಂದು ಪುಟ್ಟ ಬಾವಲಿಯಿತ್ತು, ಪಿಪಿಸ್ಟ್ರೆಲ್. ಹೆಚ್ಚುಕಮ್ಮಿ ಒಂದು ರೂಪಾಯಿ ನಾಣ್ಯದ ತೂಕ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1980ರ ದಶಕದಲ್ಲೂ ಸಾಮಾನ್ಯವಾಗೇ ಕಾಣ್ತಿತ್ತು. ಆಮೇಲೆ ಇಳಿಯತೊಡಗಿತು. ಹೊರಗಿಂದ ಬಂದ ಹಾವು, ಹಳದಿ ಇರುವೆ, ಬೆಕ್ಕು ಎಲ್ಲದರ ಮೇಲೂ ಅನುಮಾನ, ಯಾವುದೂ ಸಾಬೀತಾಗಲಿಲ್ಲ. ಬಾವಲಿಯ ಕೂಗು ನಮ್ಮ ಕಿವಿಗೆ ಕೇಳಲ್ಲ, ಆದರೆ ಡಿಟೆಕ್ಟರ್ ಹಿಡಿಯುತ್ತೆ. ಹಾಗಾಗಿ ಈ ಇಳಿತ ಯಾರಿಗೂ ಗುಟ್ಟಾಗಿರಲಿಲ್ಲ. ವರ್ಷದಿಂದ ವರ್ಷಕ್ಕೆ ಗ್ರಾಫ್ ಕೆಳಗಿಳಿಯೋದನ್ನ ವಿಜ್ಞಾನಿಗಳು ನೋಡ್ತಾನೇ ಇದ್ದರು.

2009ರ ಆರಂಭದಲ್ಲಿ ಅವರು ಎಚ್ಚರಿಸಿದರು: ಇಪ್ಪತ್ತೋ ಏನೋ ಉಳಿದಿರಬಹುದು, ಈಗಲೇ ಹಿಡಿದು ಸಾಕಬೇಕು. ದ್ವೀಪ ಆಸ್ಟ್ರೇಲಿಯಾದ್ದು, ಸರ್ಕಾರ ಬಡದೇನಲ್ಲ. ತಜ್ಞರ ಸಮಿತಿ ಆಯ್ತು, ಚರ್ಚೆ ಆಯ್ತು. ಜುಲೈನಲ್ಲಿ ಒಪ್ಪಿಗೆ ಸಿಕ್ಕಿತು. ಟಿಕೆಟ್ ರೈಸ್ ಮಾಡಿ ಅಪ್ರೂವಲ್‌ಗೆ ಕಾದವರಿಗೆ ಈ ಹೊಟ್ಟೆಯುರಿ ಅರ್ಥವಾಗುತ್ತೆ. ಆಗಸ್ಟಿನಲ್ಲಿ ತಂಡ ಹೋಗಿ ಬಲೆ ಹರಡಿದಾಗ ಡಿಟೆಕ್ಟರಿನಲ್ಲಿ ಕೇಳಿಸಿದ್ದು ಒಂದೇ ಒಂದು ಬಾವಲಿ. ಬಲೆಗೆ ಬೀಳಲಿಲ್ಲ. ಆಗಸ್ಟ್ 26ರ ರಾತ್ರಿ ದಾಖಲಾಗಿದ್ದೇ ಅದರ ಕೊನೆಯ ಕೂಗು. ಆ ಹೊತ್ತಿಗೆ ನಾನು ಬಿಇ ಸೇರಿ, ಹಾಸ್ಟೆಲ್ ಊಟಕ್ಕೆ ಬೈಯುತ್ತಾ ಕೂತಿದ್ದೆ. ಪಿಪಿಸ್ಟ್ರೆಲ್ ಅಳಿದುಹೋಯಿತು ಅಂತ ಅಧಿಕೃತವಾಗಿ ಬರೆದುಕೊಂಡಿದ್ದು 2017ರಲ್ಲಿ.

ಅದೇ ದ್ವೀಪದ ನೀಲಿಬಾಲದ ಅರಣೆಯೂ ಅಳಿವಿನ ಅಂಚಿಗೆ ಬಂದಿತ್ತು. ಬಾವಲಿ ಹೋದ ಆ ವರ್ಷವೇ ಅದನ್ನು ಹಿಡಿದು ಸಾಕತೊಡಗಿದರು. ಅರುವತ್ತು ಚಿಲ್ಲರೆ ಸಿಕ್ಕಿದ್ದವು. ದ್ವೀಪದ ಕಾಡಿನಲ್ಲಿ ಬೇಗನೇ ಒಂದೂ ಉಳಿಯಲಿಲ್ಲ. ಸಾಕಿದವುಗಳ ಮರಿಮಕ್ಕಳನ್ನು 2019ರಲ್ಲಿ ದೂರದ ಕೊಕೊಸ್ ದ್ವೀಪಗಳಿಗೆ ಒಯ್ದು ಬಿಟ್ಟಿದ್ದಾರೆ.